ಕಪಾಟಿನೊಳಗಿನ ವಿಜ್ಞಾನ

ಕಳೆದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಮ್ಮ ಮಗಳಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕಗಳು ಬಂದವು. ಹುಡುಗಿ ಆರನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಆಯಸ್ಕಾಂತದ ಪಾಠದ ಮೇಲಿನ ಪ್ರಶ್ನೆಗಳಿಗಂತೂ ಪೂರ್ತಿ ಅಂಕ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂದು ಒಂದು ಅಕ್ಷರವೂ ತಪ್ಪದೆ ಬರೆದಿದ್ದಳು. ಆ ಸಂತೋಷಕ್ಕೆ ಮನೆಯಲ್ಲಿ ಶಾವಿಗೆ ಪಾಯಸವಾಯಿತು. ಊಟಕ್ಕೆ ಕುಳಿತಾಗ ಹುಡುಗಿ ಪಾಯಸದ ಬಟ್ಟಲನ್ನು ಮುಂದಿಟ್ಟುಕೊಂಡು ನಮ್ಮನ್ನು ಕೇಳಿದಳು:

"ಅಪ್ಪಾ, ಆಯಸ್ಕಾಂತ ಎಷ್ಟು ದೊಡ್ಡದಿರುತ್ತೆ? ಎತ್ತೋಕೆ ಆಗುತ್ತಾ?"

ನಾವು ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದುಕೊಂಡು ಕುಳಿತೆವು. ಪೂರ್ತಿ ಅಂಕ ಪಡೆದ ಹುಡುಗಿ ಆಯಸ್ಕಾಂತವನ್ನು ಕಣ್ಣಿನಿಂದ ಕಂಡಿರಲಿಲ್ಲ. ಅಥವಾ, ಕಂಡಿದ್ದರೂ ಅದು ಅದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಏಕೆಂದರೆ ಅವಳ ಬೆನ್ನ ಹಿಂದೆಯೇ, ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ, ಹಾಲಿನ ಲೆಕ್ಕದ ಚೀಟಿಯನ್ನು ಹಿಡಿದುಕೊಂಡು ಒಂದು ಆಯಸ್ಕಾಂತವು ನಾಲ್ಕು ವರ್ಷಗಳಿಂದ ಮೌನವಾಗಿ ಸೇವೆ ಸಲ್ಲಿಸುತ್ತಲಿತ್ತು.

ಊಟವಾದ ಮೇಲೆ ಅದನ್ನು ಕಿತ್ತು ಅವಳ ಕೈಗೆ ಕೊಟ್ಟೆವು. ಆಮೇಲೆ ಒಂದು ಗಂಟೆಯ ಕಾಲ ನಮ್ಮ ಎರಡು ಖೋಲಿಯ ಮನೆಯಲ್ಲಿ ಅದು ಮುಟ್ಟದ ವಸ್ತು ಉಳಿಯಲಿಲ್ಲ. ದೋಸೆಯ ಕಾವಲಿಗೆ ಅಂಟಿತು, ದೇವರ ಹಿತ್ತಾಳೆಯ ದೀಪಕ್ಕೆ ಅಂಟಲಿಲ್ಲ. ಅಜ್ಜಿಯ ಟ್ರಂಕಿಗೆ ಅಂಟಿತು, ಅಲ್ಯೂಮಿನಿಯಮ್ಮಿನ ಪಾತ್ರೆಗೆ ಅಂಟಲಿಲ್ಲ. ಕೊನೆಗೆ ಹುಡುಗಿ ಎರಡು ಸ್ಟೀಲ್ ಲೋಟಗಳನ್ನು ತಂದು ನಮ್ಮ ಮುಂದಿಟ್ಟಳು. ಒಂದಕ್ಕೆ ಅಂಟುತ್ತದೆ, ಇನ್ನೊಂದಕ್ಕೆ ಇಲ್ಲ. "ಎರಡೂ ಸ್ಟೀಲೇ ಅಲ್ವಾ ಅಪ್ಪಾ?"

ಬಿ.ಎ. ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ. ಅವಳ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ವಿಚಾರಿಸಿದ ಮೇಲೆ ತಿಳಿದದ್ದಿಷ್ಟು: ತುಕ್ಕು ಹಿಡಿಯದ ಉಕ್ಕಿನಲ್ಲಿ ಹಲವು ಜಾತಿಗಳುಂಟು. ಕಬ್ಬಿಣದ ಜೊತೆಗೆ ಕ್ರೋಮಿಯಮ್ಮನ್ನಷ್ಟೇ ಬೆರೆಸಿದ ಉಕ್ಕು ಆಯಸ್ಕಾಂತಕ್ಕೆ ಓಗೊಡುತ್ತದೆ. ಸಾಕಷ್ಟು ನಿಕ್ಕಲ್ ಲೋಹವನ್ನೂ ಸೇರಿಸಿದರೆ ಒಳಗಿನ ಅಣುಗಳ ಜೋಡಣೆಯೇ ಬದಲಾಗಿ ಅದು ಆಯಸ್ಕಾಂತವನ್ನು ಗುರುತಿಸುವುದಿಲ್ಲ. ಪೂರ್ತಿ ಅಂಕ ತಂದ ಪರೀಕ್ಷೆ ಕೇಳದಿದ್ದ ಪ್ರಶ್ನೆಯನ್ನು ಹಾಲಿನ ಚೀಟಿಯ ಆಯಸ್ಕಾಂತವು ಒಂದು ಗಂಟೆಯಲ್ಲಿ ಕೇಳಿಸಿತು.

ಇದಾದ ಸ್ವಲ್ಪ ದಿನಗಳಿಗೆ ಪಾಲಕರ ಸಭೆಯ ನಿಮಿತ್ತ ನಾವು ಶಾಲೆಗೆ ಹೋದೆವು. ಅದೊಂದು ಸಾರ್ವಜನಿಕ ಶಾಲೆ. ಹೆಸರು ಬೇಡ, ಇಂಥವು ಎಲ್ಲ ಊರುಗಳಲ್ಲಿಯೂ ಇವೆ. ತರಗತಿಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಕಪಾಟು. ಒಳಗೆ ಕೆಂಪು ಬಣ್ಣ ಬಳಿದ ಎರಡು ದಂಡಾಯಸ್ಕಾಂತಗಳು, ಪ್ರನಾಳಗಳು, ಮಸೂರಗಳು, ಬಟ್ಟೆ ಹೊದ್ದ ಸೂಕ್ಷ್ಮದರ್ಶಕ. ಎಲ್ಲಕ್ಕೂ ನಂಬರಿನ ಚೀಟಿ. ಬಾಗಿಲಿಗೆ ಒಳ್ಳೆಯ ಹಿತ್ತಾಳೆಯ ಬೀಗ. ಉಪಾಧ್ಯಾಯಿನಿಯವರು ಸಜ್ಜನರು, ಮಕ್ಕಳನ್ನು ಕಂಡರೆ ಪ್ರೀತಿಯುಳ್ಳವರು. "ಇವನ್ನು ಮಕ್ಕಳ ಕೈಗೆ ಕೊಡುವುದಿಲ್ಲವೆ?" ಎಂದು ನಾವು ಕೇಳಿದಾಗ ಅವರು ಸಂಕೋಚದಿಂದ ನಕ್ಕು ಮರಾಠಿಯಲ್ಲಿ ಹೇಳಿದರು:

"ಒಡೆದರೆ ಉತ್ತರ ಕೊಡುವವಳು ನಾನು, ಸಾಹೇಬರೆ. ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ."

ಈ ಮಾತು ಕೇಳಿ ನಾವು ಸುಮ್ಮನಾದೆವು. ಕಾರಣವುಂಟು, ಅದನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ಡೆಡ್ ಸ್ಟಾಕ್ ರಿಜಿಸ್ಟರ್ ಎಂಬ ದಪ್ಪನೆಯ ಪುಸ್ತಕದ ಪರಿಚಯ ಸರ್ಕಾರಿ ನೌಕರರಾದವರಿಗೆಲ್ಲ ಇದ್ದೇ ಇದೆ. ಕುರ್ಚಿ, ಮೇಜು, ಗಡಿಯಾರಗಳಿಂದ ಹಿಡಿದು ಬಾಳಿಕೆಯ ವಸ್ತುಗಳೆಲ್ಲ ಅದರಲ್ಲಿ ದಾಖಲಾಗಬೇಕು. ಒಂದು ವಸ್ತುವಿನ ಹೆಸರನ್ನು ಅದರಿಂದ ತೆಗೆಯುವುದೆಂದರೆ, ಮನುಷ್ಯನ ಹೆಸರನ್ನು ಪಡಿತರ ಚೀಟಿಯಿಂದ ತೆಗೆಯುವುದಕ್ಕಿಂತಲೂ ಕಷ್ಟ.

ಹತ್ತು ವರ್ಷಗಳ ಹಿಂದೆ, ನಾವು ನೌಕರಿಗೆ ಸೇರಿದ ಹೊಸದರಲ್ಲಿ, ನಮ್ಮ ಮೇಜಿಗೆ ಒಂದು ಕಡತ ಬಂದಿತು. ಯಾವುದೋ ಒಂದು ಶಾಲೆಯವರು ಬರೆದುಕೊಂಡಿದ್ದರು: ಪಾಠ ನಡೆಯುವಾಗ ಮಕ್ಕಳ ಕೈಯಿಂದ ಆರು ಪ್ರನಾಳಗಳೂ ಒಂದು ಉಷ್ಣಮಾಪಕವೂ ಒಡೆದಿವೆ, ಲೆಕ್ಕದಿಂದ ತೆಗೆಯಲು ಅಪ್ಪಣೆಯಾಗಬೇಕು. ಎಲ್ಲ ಸೇರಿ ಮುನ್ನೂರು ರೂಪಾಯಿಯ ಬಾಬು. ಹೊಸ ಗುಮಾಸ್ತನ ಹುರುಪಿನಲ್ಲಿ ನಾವು ಅಂದವಾದ ಅಕ್ಷರಗಳಲ್ಲಿ ಷರಾ ಬರೆದೆವು: "ನಷ್ಟಕ್ಕೆ ಹೊಣೆ ಯಾರೆಂಬುದನ್ನು ನಿಗದಿಪಡಿಸಿ ವರದಿ ಸಲ್ಲಿಸುವುದು." ಕಡತ ಹೋಯಿತು, ಬಂದಿತು, ಮತ್ತೆ ಹೋಯಿತು. ಹದಿನಾಲ್ಕು ತಿಂಗಳುಗಳ ಮೇಲೆ ಒಂದು ರಸೀತಿಯೊಡನೆ ಹಿಂದಿರುಗಿತು. ವಿಜ್ಞಾನದ ಉಪಾಧ್ಯಾಯರು ತಮ್ಮ ಕೈಯಿಂದಲೇ ಹಣ ಕಟ್ಟಿಬಿಟ್ಟಿದ್ದರು. "ಕಡತ ಮುಕ್ತಾಯ" ಎಂದು ಬರೆದು ನಾವು ದಾರ ಕಟ್ಟಿದೆವು. ಹೆಡ್ ಕ್ಲಾರ್ಕರು ನಮ್ಮ ಟಿಪ್ಪಣಿಯನ್ನು ಮೆಚ್ಚಿಕೊಂಡದ್ದೂ ನೆನಪಿದೆ.

ಆ ಉಪಾಧ್ಯಾಯರು ಆಮೇಲೆ ಕಪಾಟನ್ನು ತೆರೆದಿರಲಾರರು. ಮುನ್ನೂರು ರೂಪಾಯಿ ಉಳಿಸಲು ಹೋಗಿ ಎಷ್ಟು ಮಕ್ಕಳ ಕೈಗಳನ್ನು ನಾವು ಕಟ್ಟಿಹಾಕಿದೆವೋ ಯಾವ ರಿಜಿಸ್ಟರಿನಲ್ಲೂ ದಾಖಲಾಗಿಲ್ಲ. ಆ ದಿನ ಶಾಲೆಯಿಂದ ಹೊರಬರುವಾಗ, ಮಗಳ ತರಗತಿಯ ಬೀಗದಲ್ಲಿ ನಮ್ಮ ಷರಾದ ಪಾಲೂ ಇದೆಯೆಂದು ಅನ್ನಿಸಿತು.

ನಾವು ವಾಸಿಸುವುದು ಪರೇಲಿನಲ್ಲಿ. ಕೈಯ ವಿದ್ಯೆಗೆ ಹೆಸರಾದ ನೆಲ ಇದು. ೧೮೭೯ರಲ್ಲಿಯೇ ಇಲ್ಲಿ ರೈಲ್ವೆಯ ಕಾರ್ಖಾನೆ ಪ್ರಾರಂಭವಾಯಿತು. ೧೯೮೨ರ ಜನವರಿಯಲ್ಲಿ ಮೊದಲಾದ ದೊಡ್ಡ ಮುಷ್ಕರದ ತನಕ ಸುತ್ತಲಿನ ಗಿರಣಿಗಳ ಸಿಳ್ಳೇ ಈ ಬಡಾವಣೆಯ ಗಡಿಯಾರವಾಗಿತ್ತು. ಗವರ್ನರರ ಹಳೆಯ ಬಂಗಲೆಯಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಮೂಲಪುರುಷ ವಾಲ್ಡೆಮಾರ್ ಹಾಫ್‌ಕಿನ್, ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಪ್ರಯೋಗವೆಂದರೆ ಇದು! ಅವನ ಪ್ರಯೋಗಶಾಲೆ ೧೮೯೯ರಲ್ಲಿ ಪರೇಲಿಗೆ ಬಂದಿತು. ಇನ್ನು ಶ್ರಾವಣ ಹತ್ತಿರವಾಯಿತೆಂದರೆ ಪರೇಲ್, ಲಾಲ್‌ಬಾಗ್‌ಗಳ ಚಪ್ಪರಗಳಲ್ಲಿ ಗಣಪತಿಯ ಮೂರ್ತಿಗಳು ಎದ್ದು ನಿಲ್ಲುತ್ತವೆ. ಮಣ್ಣಿನ ಹದ, ಬಣ್ಣದ ಪಾಕ, ಇಪ್ಪತ್ತಡಿ ಎತ್ತರದ ಮೂರ್ತಿ ವಾಲದಂತೆ ಒಳಗೆ ಕೊಡುವ ಆಧಾರ, ಇವೆಲ್ಲವನ್ನೂ ಅಲ್ಲಿಯ ಹುಡುಗರು ನೋಡಿ, ಮಾಡಿ ಕಲಿಯುತ್ತಾರೆ. ಅದೇ ಹುಡುಗರು ಶಾಲೆಗೆ ಬಂದು ಗುರುತ್ವಕೇಂದ್ರದ ವ್ಯಾಖ್ಯೆಯನ್ನು ಉರು ಹೊಡೆದು, ತಪ್ಪಿ, ಪೆಟ್ಟು ತಿನ್ನುತ್ತಾರೆ. ಬೀದಿಯಲ್ಲಿ ಕಲಿತದ್ದಕ್ಕೂ ಶಾಲೆಯಲ್ಲಿ ಓದಿದ್ದಕ್ಕೂ ಪರಿಚಯ ಮಾಡಿಕೊಡುವವರು ಯಾರೂ ಇಲ್ಲ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇದೇ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ವರ್ಷ ಕಲಿಸಿ, ದೇಶದ ದೊಡ್ಡ ಚಿತ್ರಕಾರರಲ್ಲೊಬ್ಬರಾದರು. ತಂದೆಯವರು ಗಣಪತಿಯ ಮೂರ್ತಿ ಮಾಡುತ್ತಿದ್ದುದನ್ನು ಕಂಡು ಬೆಳೆದ ಕೈ ಅದು. ಇಂಥ ಕೈಗಳು ನಮ್ಮ ಶಾಲೆಗಳಲ್ಲಿ ಇನ್ನೂ ಎಷ್ಟಿವೆಯೋ! ಆದರೆ ಚಿತ್ರಕಲೆಯ ಅವಧಿ ಬಂದರೆ ಅದನ್ನು ಗಣಿತಕ್ಕೆ ಬಿಟ್ಟುಕೊಡುವುದು ಅನೇಕ ಕಡೆ ರೂಢಿಯಾಗಿಬಿಟ್ಟಿದೆ. ಕಲೆಯೂ ವಿಜ್ಞಾನವೂ ಯಂತ್ರವಿದ್ಯೆಯೂ ಮೊದಲು ಕೈಯಲ್ಲಿ ಹುಟ್ಟಿ ಆಮೇಲೆ ಪುಸ್ತಕಕ್ಕೆ ಹೋದುವೆಂಬುದನ್ನು ನಾವು ಮರೆತಿದ್ದೇವೆ. ೧೯೩೭ರಲ್ಲಿ ವರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಪಾಠವೆಲ್ಲ ನಡೆಯಬೇಕೆಂದು ಹೇಳಿದರು. ನಾವು ಅವರ ಚಿತ್ರವನ್ನು ಪ್ರತಿ ಶಾಲೆಯ ಗೋಡೆಗೂ ತೂಗುಹಾಕಿ, ಆ ಮಾತನ್ನು ಕೆಳಗಿಳಿಸಿದೆವು.

ಇದರ ಅರ್ಥ ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. ನಮ್ಮ ಊರಿನಲ್ಲಿಯೇ ನಡೆದ ಒಂದು ಪ್ರಯತ್ನವನ್ನು ನೆನೆಯಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೆಲವರು, ಪರಮಾಣುವನ್ನು ಕುರಿತು ಚಿಂತಿಸುವುದರ ಜೊತೆಗೆ, ಬಡಮಕ್ಕಳ ಶಾಲೆಗಳಲ್ಲಿ ವಿಜ್ಞಾನ ಹೇಗೆ ನಡೆದಿದೆಯೆಂದು ನೋಡಲು ಹೊರಟರು. ಇದರಿಂದ ೧೯೭೪ರಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಹುಟ್ಟಿತು. ಅದು ಮೊದಲು ಬಿಡಾರ ಹೂಡಿದ್ದು ಅಮೃತಶಿಲೆಯ ಕಟ್ಟಡದಲ್ಲಲ್ಲ, ನಾನಾ ಚೌಕದ ಮಹಾನಗರಪಾಲಿಕೆಯ ಶಾಲೆಯ ಕೋಣೆಗಳಲ್ಲಿ. ೧೯೯೨ರಲ್ಲಿ ಮಾನ್‌ಖುರ್ದಿನ ಸ್ವಂತ ನೆಲೆಗೆ ಹೋಯಿತು. ಅದರ ಮೊದಲ ನಿರ್ದೇಶಕರಾದ ವಿ. ಜಿ. ಕುಲಕರ್ಣಿಯವರೂ ಜೊತೆಯವರೂ ಪಾಲಿಕೆಯ ಶಾಲೆಗಳ ಹಿಂದುಳಿದ ಮಕ್ಕಳೊಡನೆ ಕುಳಿತು ಕೆಲಸ ಮಾಡಿದರು. ಪಾಠದ ಭಾಷೆ ಮಗುವಿಗೆ ಎಟುಕದಿರುವುದೇ ವಿಜ್ಞಾನ ಕಲಿಯಲು ದೊಡ್ಡ ಅಡ್ಡಿಯೆಂಬುದನ್ನು ಎತ್ತಿ ಹೇಳಿದವರು ಅವರು. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಗಿರುವ ನಮ್ಮಂಥ ವಲಸೆಗಾರರ ಮಕ್ಕಳಿಗೆ ಈ ಮಾತು ಎಷ್ಟು ನಿಜವೆಂದು ಬೇರೆ ಹೇಳಬೇಕಾಗಿಲ್ಲ. ಪದ ತಿಳಿಯದ ಮಗುವಿಗೆ ವಸ್ತುವನ್ನಾದರೂ ಕೈಗೆ ಕೊಡಬೇಕು. ಆಯಸ್ಕಾಂತಕ್ಕೆ ಮರಾಠಿ, ಕನ್ನಡವೆಂಬ ಭೇದವಿಲ್ಲ.

ಇದಕ್ಕಿಂತ ಎರಡು ವರ್ಷ ಮೊದಲು, ೧೯೭೨ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಶಾಲೆಗಳಲ್ಲಿ ಇನ್ನೂ ದೊಡ್ಡದೊಂದು ಕೆಲಸ ಆರಂಭವಾಗಿತ್ತು. ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಮೊದಲು ಮಾಡಿದುವು. ಮುಂಬಯಿಯ ವಿಜ್ಞಾನಿಗಳೂ ನೆರವಾದರು. ೧೯೮೨ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆ ಮುಂದುವರಿಸಿತು. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಸಾಮಾನಿನ ಪೆಟ್ಟಿಗೆಯನ್ನು ಅವರ ನಡುವೆಯೇ ಇಟ್ಟು, ಪ್ರಯೋಗ ಮಾಡಿಸಿ ಕಲಿಸುವುದು ಅದರ ಕ್ರಮ. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಾಗಿತ್ತು, ಕೈಯಿಂದ ಮಾಡಿ ತೋರಿಸುವ ಭಾಗವೂ ಇತ್ತು. ನಮ್ಮಂಥ ಗುಮಾಸ್ತರ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ಒಡೆದ, ಮುಗಿದ ಸಾಮಾನುಗಳನ್ನು ಮತ್ತೆ ತುಂಬಿಕೊಡುವ ವ್ಯವಸ್ಥೆಯೂ ಆ ಕಾರ್ಯಕ್ರಮದ ಅಂಗವೇ ಆಗಿತ್ತು. ಮಕ್ಕಳು ಮುಟ್ಟಿದರೆ ಒಡೆಯುತ್ತದೆ ಎಂಬುದನ್ನು ಅವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು ೨೦೦೨ರಲ್ಲಿ ಅಲ್ಲಿಯ ಸರ್ಕಾರವು ನಿಲ್ಲಿಸಿತು. ಕಟ್ಟಲು ಮೂವತ್ತು ವರ್ಷ ಬೇಕಾದದ್ದನ್ನು ನಿಲ್ಲಿಸಲು ಒಂದು ಆಜ್ಞೆ ಸಾಕಾಯಿತು.

ಕನ್ನಡನಾಡಿನಲ್ಲಿ ಈ ವಿಚಾರ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಬೆಂಚಿನಿಂದೆಬ್ಬಿಸಿ ಮರಗಿಡಗಳ ನಡುವೆ, ಆಟ ನಾಟಕಗಳ ಮೂಲಕ ಕಲಿಸಲು ಯತ್ನಿಸಿದರು. ೧೯೩೬ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿತ್ತರು. ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಿಕವು ಊರೂರಿನ ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲಿ ಮುಟ್ಟಿಸಿತು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿ ಸರ್ಕಾರಿ ಪ್ರಾಥಮಿಕ ಶಾಲೆಯ ಚಿಕ್ಕಮಕ್ಕಳನ್ನು ಕೈಕಟ್ಟಿ ಕುಳಿತಿರುವ ಶಿಕ್ಷೆಯಿಂದ ಬಿಡಿಸಿತು. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಆಂಧ್ರದ ಕುಪ್ಪಂನಲ್ಲಿ ನೆಲೆಯೂರಿದ, ೧೯೯೯ರಲ್ಲಿ ಪ್ರಾರಂಭವಾದ ಅಗಸ್ತ್ಯ ಪ್ರತಿಷ್ಠಾನವು ಪ್ರಯೋಗಶಾಲೆಯನ್ನೇ ವಾಹನಕ್ಕೇರಿಸಿ ಸರ್ಕಾರಿ ಶಾಲೆಗಳ ಬಾಗಿಲಿಗೆ ಕೊಂಡೊಯ್ಯುತ್ತದೆ. ಬೀಗ ತೆರೆಯದ ಕಪಾಟಿಗಿಂತ ಚಕ್ರವುಳ್ಳ ಕಪಾಟು ಮೇಲೆಂದು ಅವರು ತೋರಿಸಿಕೊಟ್ಟಿದ್ದಾರೆ.

ಈಗ ಸರ್ಕಾರಗಳೂ ಕೈಚೆಲ್ಲಿ ಕುಳಿತಿಲ್ಲ. ೨೦೧೬ರಲ್ಲಿ ಪ್ರಾರಂಭವಾದ ಅಟಲ್ ಇನ್ನೊವೇಶನ್ ಮಿಷನ್ನಿನ ಮೂಲಕ ಆಯ್ದ ಶಾಲೆಗಳಿಗೆ ೨೦ ಲಕ್ಷ ರೂಪಾಯಿಗಳವರೆಗೆ ನೆರವು ದೊರೆತು, ಆರನೆಯ ಇಯತ್ತೆಯಿಂದ ಮೇಲಿನ ಮಕ್ಕಳಿಗಾಗಿ ಟಿಂಕರಿಂಗ್ ಪ್ರಯೋಗಶಾಲೆಗಳು ಎದ್ದಿವೆ. ಇಂಥವನ್ನು ಇನ್ನೂ ೫೦ ಸಾವಿರ ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಗಳೊಳಗೆ ತೆರೆಯುವುದಾಗಿ ೨೦೨೫ರ ಕೇಂದ್ರ ಮುಂಗಡಪತ್ರ ಹೇಳಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ಇಯತ್ತೆಯ ನಡುವೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಮಕ್ಕಳು ಕಲಿಯಲೆಂದು ಹೇಳುತ್ತದೆ. ಇವೆಲ್ಲ ಒಳ್ಳೆಯ ಮಾತುಗಳು. ಆದರೆ ಹಣ ಬಂದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ. ಸಾಮಾನಿನ ಬೆಲೆ ಹೆಚ್ಚಿದಷ್ಟೂ ಸಹಿ ಹಾಕುವವರ ಕೈ ನಡುಗುತ್ತದೆ. ನೂರು ರೂಪಾಯಿಯ ಉಷ್ಣಮಾಪಕಕ್ಕೆ ಹೆದರಿದ ಉಪಾಧ್ಯಾಯರು ಸಾವಿರಾರು ರೂಪಾಯಿಯ ಯಂತ್ರವನ್ನು ಹುಡುಗರ ಕೈಗೆ ಕೊಡುವರೆ?

ಈ ಮಾತನ್ನು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಎತ್ತಿದಾಗ ಅವರು ಚಹದ ಲೋಟವನ್ನು ಕೆಳಗಿಟ್ಟು ಹೇಳಿದರು: "ಲೆಕ್ಕವೇ ಬೇಡವೆಂದರೆ ಹೇಗಯ್ಯ? ನಾಳೆ ಕಪಾಟಿಗೆ ಕಪಾಟೇ ಮಾಯವಾದೀತು. ಅದು ಜನರ ದುಡ್ಡು." ಅವರ ಮಾತಿನಲ್ಲಿಯೂ ಹುರುಳಿದೆ. ಲೆಕ್ಕ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಸರ್ಕಾರಿ ಲೆಕ್ಕದಲ್ಲಿಯೇ ಎರಡು ಜಾತಿಗಳುಂಟಷ್ಟೆ: ಬಾಳಿಕೆಯ ಸಾಮಾನು ಒಂದು, ಖರ್ಚಾಗುವ ಸಾಮಾನು ಇನ್ನೊಂದು. ಸೀಮೆಸುಣ್ಣ ಖರ್ಚಾಗುವ ಜಾತಿಗೆ ಸೇರಿದ್ದು. ಬರೆದು ಸವೆದ ಸೀಮೆಸುಣ್ಣದ ಪುಡಿಯನ್ನು ತಂದು ತೋರಿಸಿರೆಂದು ಯಾವ ಗುಮಾಸ್ತನೂ ಷರಾ ಬರೆಯುವುದಿಲ್ಲ. ಪ್ರನಾಳ, ಬಲ್ಬು, ತಂತಿ, ಮಸೂರ, ಬಣ್ಣ, ಕುಂಚಗಳೂ ಸೀಮೆಸುಣ್ಣದ ಸಾಲಿಗೆ ಸೇರಬೇಕು. ವರ್ಷಕ್ಕೆ ಇಷ್ಟು ಒಡೆಯುತ್ತದೆಂದು ಮೊದಲೇ ತೆಗೆದಿಡಬೇಕು. ಅಷ್ಟೇ ಅಲ್ಲ, ವರ್ಷದ ಕೊನೆಗೆ ಒಂದೂ ಒಡೆಯದ ಕಪಾಟನ್ನು ಕಂಡರೆ ಇನ್‌ಸ್ಪೆಕ್ಟರರು "ಇದನ್ನೇಕೆ ತೆರೆಯಲಿಲ್ಲ?" ಎಂದು ಕೇಳಬೇಕು. ಇದಕ್ಕೆ ಹೊಸ ಇಲಾಖೆ ಬೇಡ; ಇರುವ ಇಲಾಖೆಯಲ್ಲಿ ಒಂದು ವಸ್ತುವನ್ನು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಬರೆದರೆ ಸಾಕು. ಗುಮಾಸ್ತರಿಂದಲೂ ಆಗಬಹುದಾದ ವಿಜ್ಞಾನಸೇವೆ ಇದು.

ಅದು ಆಗುವ ತನಕ ನಾವು ಸುಮ್ಮನೆ ಕುಳಿತಿರಬೇಕೆ? ಬೇಕಿಲ್ಲ. ಕೆಲವು ಕೆಲಸಗಳಿಗೆ ಕಪಾಟೇ ಬೇಡ. ಪರೇಲಿನವರಿಗೆ ವರಳಿಯ ನೆಹರೂ ವಿಜ್ಞಾನ ಕೇಂದ್ರ ದೂರವಲ್ಲ. ೧೯೮೫ರಲ್ಲಿ ತೆರೆದ ಆ ಕೇಂದ್ರದಲ್ಲಿ ಗುಂಡಿ ಒತ್ತಿ, ಚಕ್ರ ತಿರುಗಿಸಿ, ಹಗ್ಗ ಎಳೆದು ಮಕ್ಕಳು ತಾವೇ ನೋಡಬಹುದು. ಅಷ್ಟು ದೂರವೂ ಏಕೆ? ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡುವುದನ್ನು ಅರಿಯದ ಕನ್ನಡ ಗೃಹಿಣಿಯುಂಟೆ? ಆ ಕೆಂಪು ನೀರಿಗೆ ಮಕ್ಕಳ ಕೈಯಿಂದ ಸ್ವಲ್ಪ ನಿಂಬೆಯ ರಸ ಹಿಂಡಿಸಿ ನೋಡಿ: ಮತ್ತೆ ಹಳದಿಯಾಗುತ್ತದೆ. ಕ್ಷಾರ ಮತ್ತು ಆಮ್ಲಗಳ ಪಾಠವೆಲ್ಲ ಆ ತಟ್ಟೆಯಲ್ಲಿದೆ. ಬಟ್ಟೆಗೆ ಬಿದ್ದ ಅರಿಶಿನದ ಕಲೆ ಸೋಪು ತಗುಲಿದೊಡನೆ ಏಕೆ ಕೆಂಪಾಗುತ್ತದೆಂಬುದಕ್ಕೂ ಉತ್ತರ ಅಲ್ಲಿಯೇ ಇದೆ.

ಇನ್ನೊಂದು ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಊರು ಬಿಟ್ಟು ಬಂದ ನಮ್ಮಂಥವರಿಗೇ ಹೇಳಿಮಾಡಿಸಿದಂತಿದೆ ಅದು.

ನಮ್ಮ ತಂದೆಯವರು ಕುಂದಾಪುರದಲ್ಲಿದ್ದಾರೆ. ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. "ರಾತ್ರಿಶಾಲೆಯಲ್ಲಿ ಪ್ರಯೋಗ ಎಲ್ಲಿಂದ ಬಂತು? ಕಣ್ಣು ಮುಚ್ಚದೆ ಕೂತಿರುವುದೇ ದೊಡ್ಡ ಪ್ರಯೋಗ" ಎಂದು ನಗುತ್ತಾರೆ. ಸಂಕ್ರಾಂತಿಯ ಹತ್ತಿರದ ಒಂದು ಭಾನುವಾರ ನಾವು ಅವರನ್ನೂ ವಿಜ್ಞಾನಿಯನ್ನಾಗಿ ಮಾಡಿದೆವು. ಪರೇಲಿನ ನಮ್ಮ ಚಾಳಿನ ಗಚ್ಚಿಯ ಮೇಲೆ ಮಗಳು ಸರಿಯಾಗಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿದಳು. ಕುಂದಾಪುರದ ಅಂಗಳದಲ್ಲಿ ಅಜ್ಜ ಇನ್ನೊಂದು ಮೀಟರು ಕೋಲನ್ನು ನೆಟ್ಟರು. ಹನ್ನೆರಡೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತ ಹೋದರೆ ಅತಿ ಗಿಡ್ಡನೆಯ ನೆರಳು ಸಿಕ್ಕುತ್ತದೆ. ಅದೇ ಆ ಊರಿನ ನಿಜವಾದ ಮಧ್ಯಾಹ್ನ. ಕುಂದಾಪುರದಲ್ಲಿ ಅದು ಮೊದಲು ಬಂದಿತು, ಪರೇಲಿನಲ್ಲಿ ಏಳೆಂಟು ನಿಮಿಷ ತಡವಾಗಿ. ಏಕೆಂದರೆ ನಾವು ಪಶ್ಚಿಮಕ್ಕಿದ್ದೇವೆ. ದೂರವಾಣಿಯಲ್ಲಿ ಅಜ್ಜನ ದನಿ:

"ಎಪ್ಪತ್ತು ಸೆಂಟಿಮೀಟರು, ಮಗಾ. ಇನ್ನೆಂತ ಮಾಡುದು?"

ನಮ್ಮದು ಎಂಬತ್ತೈದು. ಒಂದೇ ಸೂರ್ಯ, ಒಂದೇ ಅಳತೆಯ ಕೋಲು. ನೆರಳು ಮಾತ್ರ ಬೇರೆ. ಹುಡುಗಿ ಕಾಗದದ ಮೇಲೆ ಹತ್ತು ಸೆಂಟಿಮೀಟರು ಎತ್ತರದ ಕೋಲನ್ನೂ ಎಂಟೂವರೆ ಸೆಂಟಿಮೀಟರು ನೆರಳನ್ನೂ ಎಳೆದು, ತುದಿಗಳನ್ನು ಸೇರಿಸಿ, ಕೋಲಿನ ತಲೆಯಲ್ಲಿರುವ ಕೋನವನ್ನು ಕೋನಮಾಪಕದಿಂದ ಅಳೆದಳು: ೪೦½ ಅಂಶ. ಅಜ್ಜನ ಕೋಲಿನ ಕೋನ ೩೫ ಅಂಶ. ವ್ಯತ್ಯಾಸ ೫½ ಅಂಶ. ಭೂಮಿ ಗುಂಡಗಿರುವುದರಿಂದಲೇ ಈ ವ್ಯತ್ಯಾಸ. ಭೂಪಟದಲ್ಲಿ ಪರೇಲಿನಿಂದ ಕುಂದಾಪುರದ ಸಾಲಿಗೆ ನೇರ ದಕ್ಷಿಣಕ್ಕೆ ಸುಮಾರು ೬೦೦ ಕಿಲೊಮೀಟರು. ಐದೂವರೆ ಅಂಶಕ್ಕೆ ೬೦೦ ಕಿಲೊಮೀಟರಾದರೆ ಪೂರ್ತಿ ೩೬೦ ಅಂಶಕ್ಕೆ ಎಷ್ಟು? ತ್ರೈರಾಶಿಯ ಲೆಕ್ಕ. ಉತ್ತರ ೩೯ ಸಾವಿರಕ್ಕೆ ಸ್ವಲ್ಪ ಮೇಲೆ ಬಂದಿತು. ಪುಸ್ತಕದಲ್ಲಿರುವ ಭೂಮಿಯ ಸುತ್ತಳತೆ ಸುಮಾರು ೪೦ ಸಾವಿರ ಕಿಲೊಮೀಟರು!

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈಜಿಪ್ಟಿನ ಅಲೆ‌ಕ್ಸಾಂಡ್ರಿಯಾದ ಎರಟೊಸ್ತನೀಸನು ಇದೇ ಕ್ರಮದಲ್ಲಿ ಭೂಮಿಯನ್ನು ಅಳೆದನು. ಅವನ ಪಾಲಿಗೆ ಸೈಯೀನ್ ಎಂಬ ಊರಿತ್ತು, ನಮ್ಮ ಪಾಲಿಗೆ ಕುಂದಾಪುರವಿದೆ. ಹುಡುಗಿ ಉತ್ತರವನ್ನು ಓದಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ತಂದೆಯವರು ನಿಧಾನವಾಗಿ, "ಭೂಮಿ ಅಳೆದ್ದು ನಾವಾ?" ಎಂದರು. ಅಷ್ಟು ದೂರದ ಊರನ್ನು ಬಿಟ್ಟು ಬಂದೆವೆಂದು ಕೊರಗಿದ ದಿನಗಳುಂಟು. ಆ ದೂರವೇ ಒಂದು ದಿನ ಮಗಳ ಕೈಗೆ ಅಳತೆಗೋಲಾದೀತೆಂದು ನಾವು ಎಣಿಸಿರಲಿಲ್ಲ.

ಈಗ ನಮ್ಮ ಸಂಘದ ಕೋಣೆಯಲ್ಲಿ ಒಂದು ಹಳೆಯ ಟ್ರಂಕನ್ನು ಇಟ್ಟಿದ್ದೇವೆ. ಅದಕ್ಕೆ ಬೀಗವಿಲ್ಲ. ಕೆಟ್ಟ ಗಡಿಯಾರ, ಹಳೆಯ ರೇಡಿಯೊದ ಸ್ಪೀಕರು, ಬೂದುಗನ್ನಡಿ, ಬ್ಯಾಟರಿ, ತಂತಿ, ಬಣ್ಣ, ಗಣಪತಿಯ ಚಪ್ಪರದಿಂದ ಕೇಳಿ ತಂದ ಜೇಡಿಮಣ್ಣು ಅದರಲ್ಲಿವೆ. ತಿಂಗಳಿಗೆ ಎರಡು ಭಾನುವಾರ ಮಕ್ಕಳು ಬಂದು ಬಿಚ್ಚುತ್ತಾರೆ, ಕಟ್ಟುತ್ತಾರೆ, ಒಡೆಯುತ್ತಾರೆ. ಗುಮಾಸ್ತನ ಚಟ ಬಿಡಲಾರದೆ ನಾವು ಅಲ್ಲಿಯೂ ಒಂದು ರಿಜಿಸ್ಟರು ಇಟ್ಟಿದ್ದೇವೆ. ಅದರಲ್ಲಿ ದಿನಾಂಕ, ಒಡೆದ ವಸ್ತು ಎಂಬ ಕಾಲಮುಗಳಿವೆ. ಮೂರನೆಯ ಕಾಲಮಿನ ತಲೆಯ ಮೇಲೆ 'ಹೊಣೆ ಯಾರು' ಎಂಬ ಮಾತಿನ ಬದಲಿಗೆ 'ಏನು ತಿಳಿಯಿತು' ಎಂದು ಬರೆದಿದ್ದೇವೆ. ಮಗಳ ಶಾಲೆಯ ಉಪಾಧ್ಯಾಯಿನಿಯವರೂ ಒಂದು ಭಾನುವಾರ ಬಂದು ನೋಡಿದರು. ಪುಸ್ತಕವನ್ನು ತಿರುವಿ ಹಾಕಿ, ಒಂದು ಬೂದುಗನ್ನಡಿಯನ್ನು ಎರವಲು ಕೇಳಿದರು. ಸಹಿ ಹಾಕಲು ಪೆನ್ನು ತೆಗೆದಾಗ ನಾವು ಬೇಡವೆಂದೆವು.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ಕೆಟ್ಟು ಕುಳಿತಿರುವ ಸಾಮಾನನ್ನು ಗುಜರಿಗೆ ಹಾಕುವ ಮೊದಲು ಒಂದು ದಿನ ಮಕ್ಕಳ ಕೈಗೆ ಕೊಡಿರಿ. ವಿದ್ಯುತ್ತಿನ ಗೋಡೆಯ ಸಂಪರ್ಕ ಮಾತ್ರ ಅವರಿಗೆ ತಗುಲದಿರಲಿ. ಪಾಲಕರ ಸಭೆಗೆ ಹೋದಾಗ ಅಂಕಗಳನ್ನು ಕೇಳುವ ಮುನ್ನ ಕಪಾಟನ್ನು ತೆರೆದಿರಾ ಎಂದು ಕೇಳಿರಿ. ಒಡೆದರೆ ನಾವು ಪಾಲಕರು ಕೂಡಿ ಭರಿಸುತ್ತೇವೆಂದೂ ಹೇಳಿರಿ. ಕಡತದ ಮುಂದೆ ಕುಳಿತ ನಮ್ಮಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ಷರಾ ಬರೆಯುವ ಮುನ್ನ ಒಂದು ಗಳಿಗೆ ಪೆನ್ನನ್ನು ತಡೆಹಿಡಿಯಿರಿ.

ಬರುವ ಸಂಕ್ರಾಂತಿಯ ಹತ್ತಿರದ ಭಾನುವಾರ ನಮ್ಮ ಸಂಘದ ಎಲ್ಲ ಮನೆಗಳೂ ಒಂದೊಂದು ಕೋಲು ನೆಡಲೆಂದು ಆಸೆ. ಮುಂಬಯಿಯಿಂದ ನೇರ ದಕ್ಷಿಣಕ್ಕೆ ಧಾರವಾಡದ ಸಾಲು ಸುಮಾರು ೩೯೦ ಕಿಲೊಮೀಟರು, ಮಂಗಳೂರಿನದು ೬೭೫, ಕಾಸರಗೋಡಿನದು ೭೨೦, ಮೈಸೂರಿನದು ೭೪೦. ಊರಿನಲ್ಲಿರುವ ಅಜ್ಜ, ಅಜ್ಜಿ, ಸೋದರಮಾವ ಯಾರಾದರೂ ಸರಿಯೆ, ಅವರ ನೆರಳನ್ನೂ ನಿಮ್ಮ ನೆರಳನ್ನೂ ಅಳೆದು ಮಕ್ಕಳ ಕೈಯಲ್ಲಿಯೇ ಬರೆಸಿ ಸಂಪಾದಕರಿಗೆ ಕಳುಹಿಸಿರಿ. ಲೆಕ್ಕ ತಪ್ಪಿದರೂ ಚಿಂತೆಯಿಲ್ಲ. ಯಾರ ಹೊಣೆಯೆಂದು ನಾವು ಕೇಳುವುದಿಲ್ಲ.